ಪರದೇಶದಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಕೊಳ್ಳುವಾಗಲೇ ಮಾರುವ ದಿನ ನೆನಪಿರಲಿ

ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದವರ ಮೊದಲ ತಿಂಗಳು ಬಸ್ಸು, ರೈಲು, ಆಫೀಸಿನ ಗೆಳೆಯರ ಕಾರಿನ ಹಿಂದಿನ ಸೀಟು ಇವುಗಳಲ್ಲೇ ಕಳೆದುಹೋಗುತ್ತದೆ. ಎರಡನೇ ತಿಂಗಳು ಒಂದು ದಿನ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತಾಗ ‘ಒಂದು ಕಾರು ತಗೊಂಡುಬಿಡೋಣ’ ಅನ್ನಿಸುತ್ತದೆ. ಹೊಸದಕ್ಕೆ ಸಾಲ ಸುಲಭವಾಗಿ ಹುಟ್ಟುವುದಿಲ್ಲ. ಆ ದೇಶದಲ್ಲಿ ನೀವು ಹಿಂದೆ ಸಾಲ ತೀರಿಸಿದ ದಾಖಲೆಯೇ ಇಲ್ಲವಲ್ಲ, ಬ್ಯಾಂಕು ಕೊಟ್ಟರೂ ಬಡ್ಡಿ ಜಾಸ್ತಿ. ಹಾಗಾಗಿ ಹಳೇ ಕಾರೇ ಗತಿ. ಅದೇನೂ ಕೆಟ್ಟ ಗತಿಯಲ್ಲ.

ಊರಲ್ಲಿ ಕಾರು ಕೊಳ್ಳುವುದಕ್ಕೂ ಇಲ್ಲಿ ಕೊಳ್ಳುವುದಕ್ಕೂ ಒಂದೇ ಒಂದು ದೊಡ್ಡ ವ್ಯತ್ಯಾಸ ಇದೆ. ಊರಲ್ಲಿ ಕಾರು ಹಿಡಿಸದಿದ್ದರೆ ಇನ್ನೆರಡು ವರ್ಷ ಹೇಗೋ ಓಡಿಸಿ, ನಿಧಾನವಾಗಿ ಮಾರಬಹುದು. ಪರದೇಶದಲ್ಲಿ ನಿಮ್ಮ ವೀಸಾಕ್ಕೊಂದು ಕೊನೆಯ ದಿನ ಇದೆ. ಕೆಲಸ ಹೋದರೆ ಆ ದಿನ ಇನ್ನೂ ಬೇಗ ಬರುತ್ತದೆ. ಆವತ್ತು ಕಾರು ನಿಮ್ಮ ಕೈಯಿಂದ ಸಲೀಸಾಗಿ ಬಿಟ್ಟುಹೋಗಬೇಕು. ಈ ಲೇಖನದಲ್ಲಿ ಹೇಳುವ ಹೆಚ್ಚಿನ ಮಾತು ಅದರ ಸುತ್ತಲೇ ತಿರುಗುತ್ತದೆ. ಎಂಜಿನ್ ಕೆಟ್ಟರೆ ದುಡ್ಡು ಕೊಟ್ಟು ರಿಪೇರಿ ಮಾಡಿಸಬಹುದು. ಕಾಗದ ಕೆಟ್ಟಿದ್ದರೆ ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಮೊದಲು ಲೈಸೆನ್ಸ್, ಆಮೇಲೆ ಕಾರು

ಕಾರಿನ ಜಾಹೀರಾತು ನೋಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನಿಮ್ಮ ಕೈಲಿರುವ ಲೈಸೆನ್ಸ್‌ನಲ್ಲಿ ಆ ದೇಶದಲ್ಲಿ ಎಷ್ಟು ದಿನ ಓಡಿಸಬಹುದು? ಪ್ರವಾಸಿಗೆ ಇರುವ ನಿಯಮ ಬೇರೆ, ಅಲ್ಲೇ ವಾಸಕ್ಕೆ ಬಂದವರಿಗೆ ಇರುವ ನಿಯಮ ಬೇರೆ. ತುಂಬಾ ಜನ ಎಡವುವುದು ಇಲ್ಲೇ. ಬ್ರಿಟನ್‌ನಲ್ಲಿ ವಾಸಕ್ಕೆ ಬಂದವರಿಗೆ ಹೊರಗಿನ ಲೈಸೆನ್ಸ್ 12 ತಿಂಗಳು ನಡೆಯುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ 6 ತಿಂಗಳು. ಯುಎಇಯಲ್ಲಿ ರೆಸಿಡೆನ್ಸ್ ವೀಸಾ ಬಂದ ಮೇಲೆ ಅಲ್ಲಿನ ಲೈಸೆನ್ಸೇ ಬೇಕು. ಕೆಲವು ದೇಶದವರಿಗೆ ಅದನ್ನು ನೇರವಾಗಿ ಬದಲಾಯಿಸಿಕೊಡುತ್ತಾರೆ, ಉಳಿದವರು ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು.

ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಎಂಬ ಆ ಪುಟ್ಟ ಪುಸ್ತಕದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಲೈಸೆನ್ಸ್ ಅಲ್ಲ, ನಿಮ್ಮ ಲೈಸೆನ್ಸ್‌ನ ಅನುವಾದ ಅಷ್ಟೇ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಅದರಲ್ಲೂ ಎರಡು ಬಗೆ ಚಲಾವಣೆಯಲ್ಲಿವೆ. 1949ರ ಜಿನೀವಾ ಒಪ್ಪಂದದ್ದು ಒಂದು ವರ್ಷ ನಡೆಯುತ್ತದೆ, 1968ರ ವಿಯೆನ್ನಾ ಒಪ್ಪಂದದ್ದು ಗರಿಷ್ಠ ಮೂರು ವರ್ಷ. ಜಪಾನ್ ಒಪ್ಪುವುದು 1949ರದ್ದನ್ನು ಮಾತ್ರ. ನಿಮ್ಮ ಬಳಿ ಯಾವುದಿದೆ ಎಂದು ಮುಖಪುಟದಲ್ಲೇ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಲೈಸೆನ್ಸ್ ಅವಧಿ ಮುಗಿದ ಮೇಲೆ ಓಡಿಸಿ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು. ದಂಡ ಕಟ್ಟುವುದಕ್ಕಿಂತ ದೊಡ್ಡ ನೋವು ಅದು.

ರೇಟು ಕೇಳಿ ಮಾಡೆಲ್ ಆರಿಸಿ

ಊರಲ್ಲಿ ಕಾರು ಕೊಂಡು ಆಮೇಲೆ ಇನ್ಶೂರೆನ್ಸ್ ಬಗ್ಗೆ ಯೋಚಿಸುತ್ತೇವೆ. ಇಲ್ಲಿ ತಿರುಗಾಮುರುಗಾ ಮಾಡಿ. ಎಷ್ಟೋ ದೇಶಗಳಲ್ಲಿ ಹೊಸದಾಗಿ ಬಂದವರಿಗೆ ಮೊದಲ ವರ್ಷದ ಪ್ರೀಮಿಯಂ ಹಳೇ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ. ಕಾರಣ ಸರಳ. ಹತ್ತು ವರ್ಷ ಒಂದು ಗೀರೂ ಇಲ್ಲದೆ ಓಡಿಸಿದ್ದೀರಿ ಎಂದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹೊರಡುವ ಮುಂಚೆಯೇ ನಿಮ್ಮ ಹಳೆಯ ಇನ್ಶೂರೆನ್ಸ್ ಕಂಪನಿಯಿಂದ ‘ಇಷ್ಟು ವರ್ಷ ಕ್ಲೇಮ್ ಇಲ್ಲ’ ಎಂಬ ಪತ್ರ ಇಂಗ್ಲಿಷಿನಲ್ಲಿ ತೆಗೆದುಕೊಳ್ಳಿ. ಎಲ್ಲರೂ ಅದನ್ನು ಒಪ್ಪುವುದಿಲ್ಲ. ಒಪ್ಪುವವರು ಸಿಗುವ ತನಕ ನಾಲ್ಕೈದು ಕಡೆ ಕೇಳಿ.

ಎರಡು ಮೂರು ಮಾಡೆಲ್ ಮನಸ್ಸಿನಲ್ಲಿಟ್ಟುಕೊಂಡು ಪ್ರತಿಯೊಂದಕ್ಕೂ ಪ್ರೀಮಿಯಂ ಎಷ್ಟಾಗುತ್ತದೆ ಎಂದು ಆನ್‌ಲೈನ್‌ನಲ್ಲೇ ಕೇಳಬಹುದು. ಒಂದೇ ಕಾರಿನ 1.2 ಲೀಟರ್ ಎಂಜಿನ್‌ಗೂ 2 ಲೀಟರ್ ಟರ್ಬೊಗೂ ಬರುವ ವ್ಯತ್ಯಾಸ ನೋಡಿದರೆ ಆಸೆ ತಾನಾಗಿಯೇ ತಣ್ಣಗಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸಬೇಕೇ ಎಂದು ಕೇಳಿ. ಕೆಲವು ದೇಶಗಳಲ್ಲಿ ಇನ್ಶೂರೆನ್ಸ್ ಕಾರಿನ ಮೇಲೆ, ಕೆಲವು ಕಡೆ ಓಡಿಸುವವರ ಮೇಲೆ.

ಯಾವ ಕಾರು?

ಆ ಊರಿನ ರಸ್ತೆ ಬದಿಯಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಹೆಚ್ಚು ಕಾಣುವ ಹಳೇ ಕಾರು ಯಾವುದು? ಟ್ಯಾಕ್ಸಿಯವರು ಯಾವುದನ್ನು ಓಡಿಸುತ್ತಾರೆ? ಅದನ್ನೇ ತಗೊಳ್ಳಿ. ಬಿಡಿಭಾಗ ಸಿಗುತ್ತದೆ, ಯಾವ ಮೆಕ್ಯಾನಿಕ್ ಆದರೂ ಕಣ್ಣುಮುಚ್ಚಿ ಬಿಚ್ಚುತ್ತಾನೆ, ಮಾರುವಾಗ ಎರಡು ದಿನದಲ್ಲಿ ಗಿರಾಕಿ ಬರುತ್ತಾನೆ. ಬಣ್ಣವೂ ಬಿಳಿ, ಬೂದು, ಬೆಳ್ಳಿ ಇದ್ದರೆ ಒಳ್ಳೆಯದು. ನಿಮಗೆ ಹಳದಿ ಇಷ್ಟ ಇರಬಹುದು, ನಿಮ್ಮಿಂದ ಕೊಳ್ಳುವವನಿಗೂ ಇಷ್ಟವಾಗುತ್ತದೆ ಎಂಬ ಗ್ಯಾರಂಟಿ ಇಲ್ಲ.

ರಸ್ತೆಯ ಇನ್ನೊಂದು ಬದಿಯಲ್ಲಿ ಓಡಿಸುವ ದೇಶಕ್ಕೆ ಬಂದಿದ್ದರೆ ಆಟೊಮ್ಯಾಟಿಕ್ ಗೇರ್ ತಗೊಳ್ಳಿ. ಮೊದಲ ವಾರ ತಲೆಗೆ ಸಾಕಷ್ಟು ಕೆಲಸ ಇರುತ್ತದೆ, ಬೇರೆ ಕೈಯಲ್ಲಿ ಗೇರ್ ಹಾಕುವ ಪಾಡು ಬೇಡ. ನಾನಂತೂ ಮೊದಲ ಹದಿನೈದು ದಿನ ಇಂಡಿಕೇಟರ್ ಹಾಕಬೇಕಾದಾಗಲೆಲ್ಲ ವೈಪರ್ ಹಾಕಿದ್ದೇನೆ. ಒಣ ಬಿಸಿಲಿನಲ್ಲಿ ವೈಪರ್ ಆಡಿಸಿಕೊಂಡು ತಿರುಗುವ ಕಾರು ಕಂಡರೆ ಹೊಸಬರು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಡೀಸೆಲ್ ಬಗ್ಗೆ ಎಚ್ಚರ. ಈಚಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಬಿಸಿಯಾದಾಗ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅಷ್ಟು ಬಿಸಿಯಾಗುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಜೊತೆಗೆ ಲಂಡನ್‌ನಲ್ಲಿ ಯೂರೊ 6 ಎಂಬ ಹೊಗೆ ಮಾನದಂಡಕ್ಕಿಂತ ಹಳೆಯ ಡೀಸೆಲ್ ಕಾರಿಗೆ ಓಡಿಸಿದ ದಿನಕ್ಕೆಲ್ಲ ಶುಲ್ಕ ಇದೆ. 2023ರ ಆಗಸ್ಟ್‌ನಿಂದ ಈ ಶುಲ್ಕದ ವಲಯ ಲಂಡನ್ನಿನ ಎಲ್ಲ ಆಡಳಿತ ಭಾಗಗಳಿಗೂ (ಬರೋ) ಹಬ್ಬಿದೆ. ಜರ್ಮನಿಯ ಹಲವು ನಗರಗಳ ಒಳಗೆ ಹೋಗಲು ಗಾಜಿನ ಮೇಲೆ ಕಡಿಮೆ ಹೊಗೆಯ ಕಾರು ಎಂದು ಸಾರುವ ಹಸಿರು ಸ್ಟಿಕ್ಕರ್ ಇರಬೇಕು. ಅಗ್ಗಕ್ಕೆ ಸಿಗುವ ಡೀಸೆಲ್ ಯಾಕೆ ಅಗ್ಗ ಎಂದು ಮೊದಲು ಕೇಳಿಕೊಳ್ಳಿ.

ಹಳೇ ಎಲೆಕ್ಟ್ರಿಕ್ ಕಾರಾದರೆ ಕಿಲೋಮೀಟರ್‌ಗಿಂತ ಬ್ಯಾಟರಿಯ ಆರೋಗ್ಯ ಮುಖ್ಯ. ಹೊಸದರಲ್ಲಿ ನೂರು ಇದ್ದದ್ದು ಈಗ ಎಷ್ಟು ಉಳಿದಿದೆ ಎಂಬ ವರದಿ ಕೇಳಿ. ಹೆಚ್ಚಿನ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಅದರಲ್ಲಿ ಎಷ್ಟು ಬಾಕಿ ಇದೆ, ಹೊಸ ಮಾಲೀಕನಿಗೂ ನಡೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ.

ಬೇರೆ ದೇಶದಿಂದ ಆಮದಾದ ಕಾರುಗಳದ್ದು ಇನ್ನೊಂದು ಕತೆ. ಗಲ್ಫ್‌ನಲ್ಲಿ ಆ ಬಿಸಿಲಿಗೆ ತಕ್ಕ ಹಾಗೆ ತಯಾರಾದ ಕಾರನ್ನು ‘ಜಿಸಿಸಿ ಸ್ಪೆಕ್’ ಅನ್ನುತ್ತಾರೆ. ಅಮೆರಿಕದಿಂದ ಬಂದದ್ದು ಅಗ್ಗವಾಗಿರುತ್ತದೆ. ಅದರಲ್ಲಿ ಅಲ್ಲಿ ಅಪಘಾತವಾಗಿ ಹರಾಜಿಗೆ ಹೋದ ಗಾಡಿಗಳೂ ಇರುತ್ತವೆ. ಜಪಾನಿನಿಂದ ಬಂದ ಕಾರುಗಳು ಅನೇಕ ದೇಶಗಳಲ್ಲಿ ಓಡುತ್ತವೆ, ಗಾಡಿ ಗಟ್ಟಿ. ಆದರೆ ಪರದೆಯ ಮೇಲೆ ಜಪಾನಿ ಅಕ್ಷರ, ರೇಡಿಯೊದಲ್ಲಿ ಸ್ಟೇಷನ್ ಸಿಗುವುದಿಲ್ಲ. ಅಲ್ಲಿನ ಎಫ್ಎಂ ಪಟ್ಟಿ 76ರಿಂದ 95 ಮೆಗಾಹರ್ಟ್ಸ್, ಬೇರೆ ಹೆಚ್ಚಿನ ಕಡೆ 88ರಿಂದ 108. ರೇಡಿಯೊ ಕೆಟ್ಟಿದೆ ಎಂದು ಬಿಚ್ಚಿಸಲು ಹೋಗಬೇಡಿ.

ಯಾರಿಂದ ಕೊಳ್ಳುವುದು?

ಡೀಲರ್ ಹತ್ತಿರ ಬೆಲೆ ಜಾಸ್ತಿ. ಆದರೆ ಬಹಳಷ್ಟು ದೇಶಗಳಲ್ಲಿ ಕಾನೂನಿನ ಬೆಂಬಲ ಇರುವುದು ಡೀಲರ್‌ನಿಂದ ಕೊಂಡಾಗ ಮಾತ್ರ. ಖಾಸಗಿಯವರಿಂದ ಕೊಂಡರೆ ‘ಇದ್ದದ್ದು ಇದ್ದ ಹಾಗೆ’ ಎಂಬ ಲೆಕ್ಕ. ಅಮೆರಿಕದಲ್ಲಿ ಡೀಲರ್ ಕಾರಿನ ಕಿಟಕಿಗೆ ‘ಬಯರ್ಸ್ ಗೈಡ್’ ಎಂಬ ಹಾಳೆ ಅಂಟಿಸಿರಬೇಕು. ವಾರಂಟಿ ಇದೆಯೋ ‘ಆ್ಯಸ್ ಈಸ್’ ಮಾರಾಟವೋ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ.

ನನ್ನ ಆಯ್ಕೆ ಊರಿಗೆ ಹೊರಟು ನಿಂತ ಇನ್ನೊಬ್ಬ ಪರದೇಶಿ. ಅವರಿಗೆ ದಿನ ಹತ್ತಿರ ಬಂದಿರುತ್ತದೆ, ಬೆಲೆ ಇಳಿಸುತ್ತಾರೆ, ಕಾರಿನ ಕತೆಯನ್ನೂ ಹೇಳುತ್ತಾರೆ. ಒಂದೇ ತೊಂದರೆ, ಹೋಗುವುದು ಖಚಿತವಾದ ಮೇಲೆ ಯಾರೂ ಕಾರಿಗೆ ದುಡ್ಡು ಹಾಕುವುದಿಲ್ಲ. ನಾನು ಮೊದಲು ಕೊಂಡದ್ದು ಹೀಗೆ ಹೊರಟವರೊಬ್ಬರ ಕಾರು. ಟೈರಿನ ಗೆರೆಗಳು ಚೆನ್ನಾಗಿ ಎದ್ದು ಕಾಣುತ್ತಿದ್ದವು, ಖುಷಿಪಟ್ಟೆ. ಟೈರಿಗೆ ಏಳು ವರ್ಷ ವಯಸ್ಸಾಗಿದೆ ಎಂದು ಗೊತ್ತಾದದ್ದು ಹೆದ್ದಾರಿಯಲ್ಲಿ ಒಂದು ಸಿಡಿದ ಮೇಲೆ. ಅವರು ಸುಳ್ಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕೊನೆಯ ವರ್ಷದ ಸರ್ವಿಸ್ ಬಿಲ್ ಕೇಳುವುದನ್ನು ಆಮೇಲೆ ಮರೆತಿಲ್ಲ.

ದೂರ ಇರಬೇಕಾದವರು ಇಬ್ಬರು. ಮನೆಯವರ ಕಾರು ಎಂದು ಹೇಳಿಕೊಂಡು ವ್ಯಾಪಾರ ಮಾಡುವವನು ಒಬ್ಬ. ‘ಕಾರಿನ ಬಗ್ಗೆ ಫೋನ್ ಮಾಡ್ತಿದ್ದೀನಿ’ ಎಂದಷ್ಟೇ ಹೇಳಿ ನೋಡಿ. ‘ಯಾವ ಕಾರು?’ ಎಂದು ಕೇಳಿದರೆ ಅವನ ಬಳಿ ಹತ್ತು ಕಾರಿವೆ. ಇನ್ನೊಬ್ಬ, ‘ನಾನು ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಕಾರು ಮನೆಗೆ ಬರುತ್ತದೆ’ ಅನ್ನುವವನು. ಆ ಕಾರು ಎಲ್ಲೂ ಇಲ್ಲ.

ಕಾಗದ, ಕಾಗದ, ಕಾಗದ

ಹೆಚ್ಚಿನ ಕಾರುಗಳಿಗೆ 17 ಅಕ್ಷರ ಅಂಕಿಗಳ ಒಂದು ಗುರುತು ಇದೆ. ವಿಐಎನ್ ಅಂತಾರೆ, ನಾವು ಚಾಸಿ ನಂಬರ್ ಅನ್ನುತ್ತೇವೆ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗದಿರಲೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅವುಗಳಲ್ಲಿ ಒಂದು ಕಂಡರೂ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಮುಂದಿನ ಗಾಜಿನ ಕೆಳಮೂಲೆ, ಬಾಗಿಲ ಕಂಬದ ಸ್ಟಿಕ್ಕರ್, ಕಾರಿನ ಮೈಮೇಲೆ ಕೊರೆದ ಜಾಗ, ನೋಂದಣಿ ಪತ್ರ, ಇಷ್ಟೂ ಕಡೆ ಒಂದೇ ಇರಬೇಕು. ಒಂದೊಂದೇ ಅಕ್ಷರ ಹಚ್ಚಿ ನೋಡಿ, ನಾಚಿಕೆ ಬೇಡ.

ಆ ನಂಬರ್ ಅಥವಾ ಪ್ಲೇಟ್ ನಂಬರ್ ಇಟ್ಟುಕೊಂಡು ಮೂರು ವಿಷಯ ಪತ್ತೆ ಮಾಡಬೇಕು.

ಮೊದಲನೆಯದು, ಸಾಲ. ಕಾರಿನ ಮೇಲೆ ಹಿಂದಿನವರ ಸಾಲ ಬಾಕಿ ಇದ್ದರೆ ನೀವು ಪೂರ್ತಿ ದುಡ್ಡು ಕೊಟ್ಟರೂ ಬ್ಯಾಂಕು ಬಂದು ಎಳೆದುಕೊಂಡು ಹೋಗುವ ಸಂಭವ ಇದೆ. ಆಸ್ಟ್ರೇಲಿಯಾದಲ್ಲಿ ಪಿಪಿಎಸ್ಆರ್ ಎಂಬ ಸರ್ಕಾರಿ ದಾಖಲೆಯಲ್ಲಿ ಕಡಿಮೆ ಶುಲ್ಕಕ್ಕೆ ನೋಡಬಹುದು. ಅಮೆರಿಕದಲ್ಲಿ ‘ಟೈಟಲ್’ ಎಂಬ ಮಾಲೀಕತ್ವದ ಪತ್ರದ ಮೇಲೆ ಸಾಲ ಕೊಟ್ಟವರ ಹೆಸರು ನಮೂದಾಗಿರುತ್ತದೆ. ಜರ್ಮನಿಯಲ್ಲಿ ನೋಂದಣಿ ಪತ್ರದ ಎರಡನೇ ಭಾಗ ಸಾಲ ತೀರುವ ತನಕ ಸಾಮಾನ್ಯವಾಗಿ ಬ್ಯಾಂಕಿನ ಬಳಿಯೇ ಇರುತ್ತದೆ. ಮಾರುವವರ ಕೈಯಲ್ಲಿ ಅದು ಇಲ್ಲದಿದ್ದರೆ ಯಾಕೆಂದು ಕೇಳಿ. ಬ್ರಿಟನ್‌ನಲ್ಲಿ ಕೈಗೆ ಬರುವ ವಿ5ಸಿ ಎಂಬ ನೋಂದಣಿ ಪತ್ರ ಕಾರನ್ನು ಯಾರು ಇಟ್ಟುಕೊಂಡಿದ್ದಾರೆ ಎಂದು ಮಾತ್ರ ಹೇಳುತ್ತದೆ, ಮಾಲೀಕತ್ವಕ್ಕೆ ಪುರಾವೆ ಅಲ್ಲ ಎಂದು ಅದರ ಮೇಲೇ ಅಚ್ಚಾಗಿದೆ. ಅಲ್ಲಿ ಸಾಲದ ತಪಾಸಣೆಯನ್ನು ದುಡ್ಡು ಕೊಟ್ಟು ಬೇರೆಯಾಗಿ ಮಾಡಿಸಬೇಕು. ಯುಎಇಯಲ್ಲಿ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಹೆಸರೇ ಬದಲಾಗುವುದಿಲ್ಲ, ಬಾಕಿ ದಂಡಗಳನ್ನೂ ಮೊದಲು ತೀರಿಸಬೇಕು. ಕೊಳ್ಳುವವನಿಗೆ ಇದು ಒಂದು ರೀತಿಯಲ್ಲಿ ನೆಮ್ಮದಿ.

ಎರಡನೆಯದು, ಅಪಘಾತ ಮತ್ತು ನೆರೆ. ಪ್ರತಿ ದೇಶಕ್ಕೂ ಇದಕ್ಕೊಂದು ಗುಟ್ಟಿನ ಭಾಷೆ ಇದೆ, ಕಲಿತುಕೊಳ್ಳಿ. ಬ್ರಿಟನ್‌ನಲ್ಲಿ ‘ಕ್ಯಾಟ್ ಎಸ್’ ಅಂದರೆ ಮೈಕಟ್ಟಿಗೇ ಪೆಟ್ಟಾಗಿ ಇನ್ಶೂರೆನ್ಸ್‌ನವರು ಕೈಬಿಟ್ಟಿದ್ದ ಗಾಡಿ, ‘ಕ್ಯಾಟ್ ಎನ್’ ಅಂದರೆ ಮೈಕಟ್ಟಿಗೆ ಪೆಟ್ಟಿಲ್ಲದಿದ್ದರೂ ಕೈಬಿಟ್ಟದ್ದು. ಅಮೆರಿಕದಲ್ಲಿ ‘ಸಾಲ್ವೇಜ್’ ಅಂದರೆ ಹಾಗೆ ಕೈಬಿಟ್ಟ ಗಾಡಿ, ‘ರೀಬಿಲ್ಟ್’ ಅಂದರೆ ಅದನ್ನೇ ಮತ್ತೆ ರಿಪೇರಿ ಮಾಡಿ ರಸ್ತೆಗೆ ಇಳಿಸಿದ್ದು. ಜಪಾನಿನ ಹರಾಜು ಹಾಳೆಯಲ್ಲಿ ಗ್ರೇಡ್ ಜಾಗದಲ್ಲಿ ‘ಆರ್’ ಇದ್ದರೆ ಪೆಟ್ಟು ತಿಂದು ರಿಪೇರಿಯಾದ ಗಾಡಿ. ಜರ್ಮನಿಯ ಜಾಹೀರಾತಿನಲ್ಲಿ ‘ಉನ್‌ಫಾಲ್‌ಫ್ರೈ’ ಅಂದರೆ ಅಪಘಾತ ಇಲ್ಲ ಎಂದು. ‘ಬಾಸ್ಟ್ಲರ್’ ಎಂಬ ಪದ ಕಂಡರೆ ಅದು ಬಿಚ್ಚಿ ಜೋಡಿಸುವ ಹವ್ಯಾಸ ಇರುವವರಿಗೆ, ನಮಗಲ್ಲ. ಇಂಥ ಕಾರುಗಳು ಓಡುವುದಿಲ್ಲ ಎಂದಲ್ಲ. ಆದರೆ ನೀವು ಮಾರುವ ದಿನವೂ ಆ ಪದ ಅದರ ಹಣೆಯಲ್ಲಿ ಬರೆದಿರುತ್ತದೆ.

ಮೂರನೆಯದು, ಕಿಲೋಮೀಟರ್. ಮೀಟರ್ ತಿರುಗಿಸುವ ವಿದ್ಯೆ ಎಲ್ಲ ದೇಶದಲ್ಲೂ ಇದೆ, ಡಿಜಿಟಲ್ ಮೀಟರ್ ಬಂದ ಮೇಲೆ ಇನ್ನೂ ಸುಲಭವಾಗಿದೆ. ಬೆಲ್ಜಿಯಂನಲ್ಲಿ 2006ರಿಂದ ‘ಕಾರ್-ಪಾಸ್’ ಎಂಬ ಪತ್ರ ಇಲ್ಲದೆ ಹಳೇ ಕಾರು ಮಾರುವಂತಿಲ್ಲ. ಪ್ರತಿ ಸರ್ವಿಸ್‌ನಲ್ಲಿ ದಾಖಲಾದ ಓಡಿದ ದೂರ ಅದರಲ್ಲಿರುತ್ತದೆ. ಬ್ರಿಟನ್‌ನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಎಂಒಟಿ ಎಂಬ ಸುರಕ್ಷತಾ ತಪಾಸಣೆ ಆಗಬೇಕು. ಅದರ ಹಿಂದಿನ ಫಲಿತಾಂಶಗಳನ್ನು ಸರ್ಕಾರದ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರತಿ ವರ್ಷದ ಕಿಲೋಮೀಟರ್, ಅಲ್ಲಿ ಮೈಲಿ, ಸಾಲಾಗಿ ಸಿಗುತ್ತದೆ. ಯಾವ ವರ್ಷ ಯಾವ ಭಾಗ ಸವೆದಿತ್ತು ಎಂಬ ಷರಾ ಕೂಡ. ಮಾರುವವರ ಮಾತಿಗಿಂತ ಆ ಷರಾಗಳನ್ನು ಓದುವುದರಲ್ಲಿ ನನಗೆ ನಂಬಿಕೆ ಜಾಸ್ತಿ.

ಕೆಲವು ಕಡೆ ಕಾರಿಗಿಂತ ಕಾಗದಕ್ಕೇ ಬೆಲೆ. ಸಿಂಗಪುರದಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕುಪತ್ರ ಸಿಒಇ 10 ವರ್ಷಕ್ಕೆ. ಹಳೇ ಕಾರಿನ ಬೆಲೆ ಅಂದರೆ ಮುಖ್ಯವಾಗಿ ಅದರಲ್ಲಿ ಉಳಿದ ತಿಂಗಳುಗಳ ಬೆಲೆ. ಜಪಾನಿನಲ್ಲಿ ‘ಶಾಕೆನ್’ ತಪಾಸಣೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ದುಬಾರಿ. ಶಾಕೆನ್ ಮುಗಿಯುವ ಹೊತ್ತಿಗೆ ಕಾರು ಅಗ್ಗವಾಗಿ ಸಿಗುವುದು ಅದಕ್ಕೇ. ಜೊತೆಗೆ ಕಾರು ನಿಲ್ಲಿಸಲು ಜಾಗ ಇದೆ ಎಂಬ ಪೊಲೀಸರ ಪ್ರಮಾಣಪತ್ರ ಅಲ್ಲಿ ಹೆಚ್ಚಿನ ಕಡೆ ಬೇಕು. ಕಾರು ಕೊಂಡು ಆಮೇಲೆ ಪಾರ್ಕಿಂಗ್ ಹುಡುಕುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಕಾರು ನೋಡುವ ದಿನ

ಹಗಲು ಹೊತ್ತಿನಲ್ಲಿ ಹೋಗಿ, ಮಳೆ ಬೇಡ. ಒದ್ದೆ ಕಾರಿನ ಮೇಲೆ ಗೀರು, ಪೇಂಟಿನ ವ್ಯತ್ಯಾಸ ಕಾಣುವುದಿಲ್ಲ. ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡಲು ಬಿಸಿ ಮಾಡಿದ್ದಾರೆ ಎಂಬ ಅನುಮಾನ ತಪ್ಪಲ್ಲ. ಎಂಜಿನ್‌ನ ರೋಗ ತಣ್ಣಗಿದ್ದಾಗಲೇ ಹೊರಬೀಳುವುದು.

ಕೀ ತಿರುಗಿಸಿ, ಆದರೆ ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಳ್ಳಬೇಕು. ಎಂಜಿನ್ ದೀಪ, ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ ಮೂರನ್ನೂ ಹುಡುಕಿ. ಸ್ಟಾರ್ಟ್ ಆದ ಮೇಲೂ ಉರಿಯುತ್ತಿದ್ದರೆ ತೊಂದರೆ ಇದೆ ಎಂದು ಎಲ್ಲರಿಗೂ ಗೊತ್ತು. ಮೊದಲಿಗೇ ಹೊತ್ತಿಕೊಳ್ಳದಿದ್ದರೆ ಇನ್ನೂ ದೊಡ್ಡ ತೊಂದರೆ. ಯಾರೋ ಆ ದೀಪವನ್ನೇ ಕಿತ್ತಿದ್ದಾರೆ.

ಸ್ಟಾರ್ಟ್ ಮಾಡಿದಾಗ ಹಿಂದೆ ಒಬ್ಬರು ನಿಂತಿರಲಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಚಳಿಯಲ್ಲಿ ಸ್ವಲ್ಪ ಹೊತ್ತು ಬರುವ ಬಿಳಿ ಆವಿ ಸಹಜ. ಬಿಸಿಯಾದ ಮೇಲೂ ದಪ್ಪ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಒಳಗೆ ಸೋರುತ್ತಿದೆ. ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಲೇಪ ಕಂಡರೂ ಅದೇ ಅನುಮಾನ, ಎಂಜಿನ್ನಿನ ಎರಡು ಭಾಗಗಳ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಚಳಿ ದೇಶಗಳಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಿನಲ್ಲೂ ಸ್ವಲ್ಪ ಹಾಗೆ ಕಟ್ಟಿಕೊಳ್ಳುತ್ತದೆ. ಒಂದೇ ಲಕ್ಷಣ ನೋಡಿ ಓಡಿಹೋಗಬೇಡಿ, ಎರಡು ಸೇರಿದರೆ ಓಡಿ.

ಸ್ಟೀರಿಂಗ್ ಕೆಳಗೆ ಒಂದು ಪ್ಲಗ್ ಇರುತ್ತದೆ, ಓಬಿಡಿ ಅಂತಾರೆ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಅದು ಕಡ್ಡಾಯ. ಬೆರಳುದ್ದದ ಒಂದು ಸಾಧನ ಅದಕ್ಕೆ ಚುಚ್ಚಿ ಫೋನಿನಲ್ಲೇ ತಪ್ಪುಗಳ ಪಟ್ಟಿ ಓದಬಹುದು. ಇಲ್ಲೊಂದು ಚಾಲಾಕಿ ಇದೆ. ಮಾರುವವರು ಬೆಳಗ್ಗೆಯೇ ತಪ್ಪುಗಳನ್ನು ಅಳಿಸಿಟ್ಟಿರಬಹುದು. ಆಗ ಪಟ್ಟಿ ಖಾಲಿ ಕಾಣುತ್ತದೆ, ಆದರೆ ಕಾರಿನ ಸ್ವಯಂ ಪರೀಕ್ಷೆಗಳ ಸಾಲಿನಲ್ಲಿ ‘ನಾಟ್ ರೆಡಿ’ ಎಂದು ತೋರಿಸುತ್ತದೆ. ಅವು ಮತ್ತೆ ಪೂರ್ತಿಯಾಗಲು ಕೆಲವು ದಿನ ಓಡಿಸಬೇಕು. ಎಲ್ಲ ಖಾಲಿ, ಎಲ್ಲ ನಾಟ್ ರೆಡಿ ಅಂದರೆ ಅಳಿಸಿದ್ದಾರೆ ಅಂತಲೇ, ಅಲ್ವಾ? ಬ್ಯಾಟರಿ ಈಚೆಗೆ ಬಿಚ್ಚಿದ್ದರೂ ಹಾಗಾಗುತ್ತದೆ, ಅದೇ ನೆಪ ನಿಮಗೂ ಕೇಳಿಸುತ್ತದೆ. ವಾರ ಬಿಟ್ಟು ಮತ್ತೆ ಬರುತ್ತೇನೆ ಎನ್ನಿ.

ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಇದನ್ನೇ ನಾನು ಮೊದಲ ಸಲ ನೋಡದೆ ಬಿಟ್ಟದ್ದು. ಯುರೋಪಿನಲ್ಲಿ ಗೆರೆಯ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಒಳಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಶನ್ ಕೆಲಸ ಬಾಕಿ ಇದೆ. ನಾಲ್ಕು ಚಕ್ರಕ್ಕೂ ಹೆಸರೇ ಕೇಳದ ನಾಲ್ಕು ಬೇರೆ ಬೇರೆ ಕಂಪನಿಯ ಟೈರ್ ಇದ್ದರೆ, ಈ ಮಾಲೀಕರು ಬೇರೆ ಎಲ್ಲದರಲ್ಲೂ ಹೀಗೇ ಉಳಿಸಿದ್ದಾರೆ.

ನೆರೆಯಲ್ಲಿ ಮುಳುಗಿದ ಕಾರು ಹೊರಗಿಂದ ಹೊಳೆಯುತ್ತದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ತೊಳೆಯದೆ ಉಳಿದ ಕೆಸರಿನ ಗುರುತು ಅಲ್ಲಿ ಸಿಗುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಿ. ಸೀಟಿನ ಬೋಲ್ಟ್‌ಗಳಿಗೆ ತುಕ್ಕು ಯಾಕೆ ಬಂತು? ಒಳಗೆ ಘಮಘಮ ಸೆಂಟು ಯಾಕೆ?

ಟಿಂಕರಿಂಗ್ ಆಗಿದೆಯೇ ಎಂದು ತಿಳಿಯಲು ಬಾನೆಟ್ ಮತ್ತು ಮಡ್‌ಗಾರ್ಡ್ ಹಿಡಿದಿರುವ ಬೋಲ್ಟ್‌ಗಳ ತಲೆ ನೋಡಿದರೆ ಸಾಕು. ಪೇಂಟ್ ಎದ್ದಿದ್ದರೆ ಯಾವತ್ತೋ ಬಿಚ್ಚಿದ್ದಾರೆ. ಬಾಗಿಲುಗಳ ಸಂದು ಎರಡೂ ಕಡೆ ಒಂದೇ ಅಗಲ ಇರಲಿ. ಮೀಟರ್ 60,000 ತೋರಿಸುತ್ತಾ, ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ಯಾವುದನ್ನು ನಂಬಬೇಕು ಎಂದು ಹೇಳಬೇಕಾಗಿಲ್ಲ.

ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟ್ ಬಗ್ಗೆ ಮರೆಯದೆ ಕೇಳಿ. ಕೆಲವು ಎಂಜಿನ್‌ಗಳಲ್ಲಿ ಚೈನ್ ಇರುತ್ತದೆ, ಕೆಲವದರಲ್ಲಿ ರಬ್ಬರ್ ಬೆಲ್ಟ್. ಬೆಲ್ಟಿಗೆ ಕಿಲೋಮೀಟರ್ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ, ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ‘ಕಡಿಮೆ ಓಡಿದೆ, ಬದಲಾಯಿಸುವ ಅಗತ್ಯವಿಲ್ಲ’ ಎಂಬ ಮಾತು ಹತ್ತು ವರ್ಷದ ಕಾರಿಗೆ ಸಲ್ಲದು. ಅದು ಓಡುತ್ತಾ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗುತ್ತದೆ. ಬಿಲ್ ತೋರಿಸಿದರೆ ಬದಲಾಗಿದೆ, ಇಲ್ಲದಿದ್ದರೆ ಆಗಿಲ್ಲ ಎಂದೇ ಲೆಕ್ಕ ಹಾಕಿ ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ.

ಕಂಪನಿ ಉಚಿತವಾಗಿ ಬದಲಾಯಿಸಿಕೊಡುವ ಏರ್‌ಬ್ಯಾಗ್ ವಾಪಸಾತಿ (ರೀಕಾಲ್) ಬಾಕಿ ಇದೆಯೇ ಎಂದು ಕಾರು ಕಂಪನಿಯ ತಾಣದಲ್ಲಿ ಚಾಸಿ ನಂಬರ್ ಹಾಕಿ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಸಿಡಿದು ಲೋಹದ ಚೂರು ಎರಚುತ್ತವೆ ಎಂದು ಜಗತ್ತಿನಾದ್ಯಂತ ಕೋಟಿಗಟ್ಟಲೆ ಬದಲಾಯಿಸಬೇಕಾಯಿತು. ಹಲವು ಬ್ರ್ಯಾಂಡ್‌ಗಳ ಕಾರುಗಳಲ್ಲಿ ಅವು ಇದ್ದವು. ಈ ಕೆಲಸಕ್ಕೆ ಡೀಲರ್ ದುಡ್ಡು ಕೇಳುವುದಿಲ್ಲ.

ಓಡಿಸಿ ನೋಡುವಾಗ ರೇಡಿಯೊ, ಎಸಿ ಆಫ್ ಮಾಡಿ, ಮಾರುವವರ ಮಾತನ್ನೂ ಸಾಧ್ಯವಾದರೆ ಆಫ್ ಮಾಡಿಸಿ. ಕನಿಷ್ಠ 20 ನಿಮಿಷ, ಹೆದ್ದಾರಿಯೂ ಸೇರಿ. ಇಷ್ಟೆಲ್ಲ ಆದ ಮೇಲೂ ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಅವರು ಕಾರನ್ನು ಲಿಫ್ಟ್ ಮೇಲೆ ಎತ್ತಿ ಕೆಳಗಿನ ತುಕ್ಕು ನೋಡುತ್ತಾರೆ, ಅದು ನಿಮ್ಮ ಕೈಲಾಗದ ಕೆಲಸ. ಮೆಕ್ಯಾನಿಕ್‌ಗೆ ತೋರಿಸಲು ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ದುಡ್ಡು ಕೊಡುವುದು, ಹೆಸರು ಬದಲಾಯಿಸುವುದು

ಎರಡೂ ಒಂದೇ ಹೊತ್ತಿನಲ್ಲಿ ಆಗಲಿ. ಸಾಧ್ಯವಿದ್ದರೆ ನೋಂದಣಿ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕೂತು ಮಾಡಿ. ನಗದು ಕಂತೆ ಹಿಡಿದು ಗೊತ್ತಿಲ್ಲದ ಜಾಗಕ್ಕೆ ಹೋಗಬೇಡಿ. ಪತ್ರದಲ್ಲಿರುವ ಹೆಸರೂ ಮಾರುವವರ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ‘ನನ್ನ ತಮ್ಮನ ಕಾರು’ ಅಂದರೆ ತಮ್ಮನೇ ಬರಲಿ. ದಿನಾಂಕ, ಸಮಯ, ಮೀಟರ್ ಓದು ಬರೆದ ರಸೀದಿಗೆ ಇಬ್ಬರೂ ಸಹಿ ಹಾಕಿ. ಸಮಯ ಯಾಕೆ ಅಂದರೆ, ಬೆಳಗ್ಗೆ ಅವರು ಓಡಿಸಿದ ಸ್ಪೀಡಿನ ದಂಡ ನಿಮಗೆ ಬರಬಾರದು.

ಬ್ರಿಟನ್‌ನಲ್ಲಿ 2014ರ ಅಕ್ಟೋಬರ್‌ನಿಂದ ರಸ್ತೆ ತೆರಿಗೆ ಕಾರಿನ ಜೊತೆ ಬರುವುದಿಲ್ಲ. ಮನೆಗೆ ಓಡಿಸುವ ಮುಂಚೆಯೇ ನಿಮ್ಮ ಹೆಸರಿನಲ್ಲಿ ಕಟ್ಟಬೇಕು, ಇನ್ಶೂರೆನ್ಸೂ ಆ ಕ್ಷಣದಿಂದ ಇರಬೇಕು. ‘ಮನೆಗೆ ಹೋಗಿ ಮಾಡ್ತೀನಿ’ ಅನ್ನುವ ಆ ಹತ್ತು ಕಿಲೋಮೀಟರ್‌ನಲ್ಲೇ ಕ್ಯಾಮೆರಾ ಹಿಡಿಯುತ್ತದೆ.

ಎಲ್ಲ ದುಡ್ಡನ್ನೂ ಕಾರಿಗೇ ಸುರಿಯಬೇಡಿ. ಬೆಲೆಯ ಹತ್ತರಲ್ಲಿ ಒಂದು ಪಾಲಾದರೂ ಮೊದಲ ತಿಂಗಳ ರಿಪೇರಿಗೆ ಇರಲಿ.

ಓಡಿಸಲು ಶುರು ಮಾಡಿದ ಮೇಲೆ

ಮೊದಲ ವಾರವೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಾಯಿಸಿ. ಬ್ರೇಕ್ ಆಯಿಲ್ ಎರಡು ವರ್ಷದಿಂದ ಮುಟ್ಟಿಲ್ಲದಿದ್ದರೆ ಅದನ್ನೂ. ಯಾವುದು ಯಾವಾಗ ಆಯಿತು ಎಂಬ ಲೆಕ್ಕ ನಿಮ್ಮಿಂದಲೇ ಶುರುವಾಗಲಿ, ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಡಿ. ಮಾರುವ ದಿನ ಆ ಫೈಲು ನಿಮ್ಮ ಪರವಾಗಿ ಮಾತಾಡುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಬಣ್ಣ ನೋಡಿ ಪೈಪ್ ಹಿಡಿಯಬೇಡಿ. ಬ್ರಿಟನ್‌ನಲ್ಲಿ ಹಸಿರು ಅಂದರೆ ಪೆಟ್ರೋಲ್. ಅಮೆರಿಕದಲ್ಲಿ ಹಸಿರು ಹೆಚ್ಚಾಗಿ ಡೀಸೆಲ್. ಯುರೋಪಿನಲ್ಲಿ 2018ರಿಂದ ಪೆಟ್ರೋಲಿಗೆ ದುಂಡು, ಡೀಸೆಲ್‌ಗೆ ಚೌಕ ಗುರುತು ಬಂದಿದೆ. ತಪ್ಪಿ ಬೇರೆ ಹಾಕಿಬಿಟ್ಟರೆ ಕೀ ಮುಟ್ಟಬೇಡಿ, ಸ್ಟಾರ್ಟ್ ಮಾಡದೆ ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ. ಪೆಟ್ರೋಲಿನ ದರ್ಜೆ ಹೇಳುವ ಆಕ್ಟೇನ್ ಅಂಕಿಯಲ್ಲೂ ಗೊಂದಲ ಇದೆ. ಅಮೆರಿಕ ಲೆಕ್ಕ ಹಾಕುವ ರೀತಿ ಬೇರೆ, ಅಲ್ಲಿನ 87 ಅಂದರೆ ಬೇರೆ ಕಡೆಯ ಸುಮಾರು 91. ಅಂಕಿ ಕಡಿಮೆ ಕಂಡಿತೆಂದು ಸುಮ್ನೆ ದುಬಾರಿ ಪೆಟ್ರೋಲ್ ಹಾಕಿಸಬೇಡಿ.

ರಸ್ತೆ ನಿಯಮದಲ್ಲಿ ಹೊಸಬರನ್ನು ಕೆಡವುವುದು ಸಣ್ಣ ಸಂಗತಿಗಳು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಬೋರ್ಡ್ ಇಲ್ಲದ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಚಿಕ್ಕ ಗಲ್ಲಿಯಾದರೂ. ಅಮೆರಿಕದಲ್ಲಿ ಸ್ಕೂಲ್ ಬಸ್ ಕೆಂಪು ದೀಪ ಮಿನುಗಿಸುತ್ತಾ ನಿಂತರೆ ಹಿಂದಿನವರೂ, ನಡುವೆ ಡಿವೈಡರ್ ಇಲ್ಲದಿದ್ದರೆ ಎದುರಿನವರೂ ನಿಲ್ಲಬೇಕು.

ಚಳಿ ದೇಶವಾದರೆ ಚಳಿಗಾಲದ ಟೈರ್ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ನೋಡಿ ತಗೊಳ್ಳಿ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಇವು ಕಡ್ಡಾಯ. ಹಿಮ ಇಲ್ಲದಿದ್ದರೂ ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಗಾಜು ತೊಳೆಯುವ ಟ್ಯಾಂಕಿಗೆ ಬರೀ ನೀರು ಹಾಕಿದರೆ ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ರಸ್ತೆಗೆ ಸುರಿದ ಉಪ್ಪು ಕಾರಿನ ತಳ ತಿನ್ನುತ್ತದೆ, ಚಳಿಗಾಲದಲ್ಲೇ ಹೆಚ್ಚು ಸಲ ತಳ ತೊಳೆಸಿ. ಮರಳುಗಾಡಿನ ಬಿಸಿಲಿನ ಕತೆ ಚಿಕ್ಕದು: ಬ್ಯಾಟರಿ ಬೇಗ ಸಾಯುತ್ತದೆ, ಟೈರ್ ಬೇಗ ಮುದಿಯಾಗುತ್ತದೆ, ಕೂಲಂಟ್ ಮಟ್ಟವನ್ನು ಆಗಾಗ ನೋಡುತ್ತಿರಬೇಕು.

ಗಡಿ ದಾಟುವ ಆಸೆ ಇದ್ದರೆ ಮೊದಲು ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ. ಪಕ್ಕದ ದೇಶದಲ್ಲೂ ನಡೆಯುವ ಪಾಲಿಸಿಗೆ ಯುರೋಪಿನ ಸುತ್ತಮುತ್ತ ಗ್ರೀನ್ ಕಾರ್ಡ್, ಅರಬ್ ದೇಶಗಳ ನಡುವೆ ಆರೆಂಜ್ ಕಾರ್ಡ್ ಎಂಬ ಹೆಸರಿದೆ.

ಹೊರಡುವ ದಿನ ಹತ್ತಿರ ಬಂದಾಗ

ಎರಡು ತಿಂಗಳು ಮುಂಚೆ ಜಾಹೀರಾತು ಹಾಕಿ. ತಪಾಸಣೆ ಮುಗಿಯಲು ಬಂದಿದ್ದರೆ ಮಾಡಿಸಿಯೇ ಮಾರಿ, ಹಾಕಿದ ದುಡ್ಡು ಸಾಮಾನ್ಯವಾಗಿ ಬೆಲೆಯಲ್ಲಿ ವಾಪಸ್ ಬರುತ್ತದೆ. ನೀವು ಹೊರಡುವ ದಿನಾಂಕವನ್ನು ಮಾತ್ರ ಯಾರಿಗೂ ಹೇಳಬೇಡಿ. ಹೇಳಿದರೆ ಗಿರಾಕಿ ಹಿಂದಿನ ದಿನದ ತನಕ ಕಾಯುತ್ತಾನೆ.

ಸಾಲ ಇದ್ದರೆ ತೀರಿಸಿದ ಪತ್ರ ಬರಲು ದಿನ ಹಿಡಿಯುತ್ತದೆ, ಅದನ್ನು ಮೊದಲು ಶುರು ಮಾಡಿ. ಕಾರನ್ನು ಗೆಳೆಯರ ಕೈಗೆ ಕೊಟ್ಟು ‘ಆಮೇಲೆ ಮಾರಿಬಿಡು’ ಎಂದು ಹೋಗುವುದು ತೀರಾ ಸಾಮಾನ್ಯ, ತೀರಾ ಅಪಾಯ. ಕಾರು ನಿಮ್ಮ ಹೆಸರಿನಲ್ಲಿ ಇರುವ ತನಕ ದಂಡ, ಟೋಲ್, ಅಪಘಾತದ ಪ್ರಶ್ನೆ ಎಲ್ಲ ನಿಮ್ಮ ಹೆಸರಿಗೇ ಬರುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಆ ದೇಶದ ನಿಯಮದ ಪ್ರಕಾರ ಅಧಿಕಾರಪತ್ರ ಮಾಡಿಸಿಕೊಟ್ಟು ಹೋಗಿ.

ಹೆಸರು ಬದಲಾದ ಮೇಲೆ ಇನ್ಶೂರೆನ್ಸ್ ನಿಲ್ಲಿಸಿ, ಉಳಿದ ತಿಂಗಳ ದುಡ್ಡು ಕೇಳಿ. ಬ್ರಿಟನ್‌ನಲ್ಲಾದರೆ ಉಳಿದ ಪೂರ್ತಿ ತಿಂಗಳುಗಳ ರಸ್ತೆ ತೆರಿಗೆಯೂ ವಾಪಸ್ ಬರುತ್ತದೆ, ಬ್ಯಾಂಕ್ ಖಾತೆ ಅಷ್ಟರ ತನಕ ತೆರೆದಿರಲಿ. ಗಾಜಿನ ಮೇಲಿನ ಟೋಲ್ ಟ್ಯಾಗ್ ನಿಮ್ಮ ಖಾತೆಯಿಂದ ತೆಗೆಸಿ. ಇಲ್ಲಿನ ಕ್ಲೇಮ್ ಇಲ್ಲದ ವರ್ಷಗಳ ಪತ್ರ ಬರೆಸಿಕೊಳ್ಳಿ, ಮುಂದಿನ ದೇಶದಲ್ಲಿ ಬೇಕಾಗುತ್ತದೆ. ಕಾರಿನ ಪರದೆಯಲ್ಲಿ ಜೋಡಿಸಿದ್ದ ನಿಮ್ಮ ಫೋನು, ಅದರ ನಂಬರುಗಳ ಪಟ್ಟಿ, ಮನೆಯ ವಿಳಾಸ ಎಲ್ಲ ಅಳಿಸಿ. ಎರಡನೇ ಕೀ ನಿಮ್ಮ ಚೀಲದಲ್ಲೇ ಉಳಿದಿರಬಹುದು, ವಿಮಾನ ಹತ್ತುವ ಮುಂಚೆ ಒಮ್ಮೆ ಜೇಬು ತಡಕಿ ನೋಡಿ.